ಕುದುರೆಯಂತೆ ಹುಂಜ ಕೆನೆಯಿತೇ? ‘ಕಾಕ್ನಿ’ ಪದದ ಹಿಂದಿನ ನಿಜವೇನು?

ಕಥೆ ಏನು?
ಲಂಡನ್ನಿನ ಹುಡುಗನೊಬ್ಬ ಮೊದಲ ಬಾರಿಗೆ ತಂದೆಯ ಜೊತೆ ಹಳ್ಳಿ ಕಡೆ ಹೋಗುತ್ತಾನೆ. ಕುದುರೆಯ ಸದ್ದು ಕೇಳಿ ಏನೆಂದು ವಿಚಾರಿಸುತ್ತಾನೆ. ‘ಕುದುರೆ ಕೆನೆಯುತ್ತಿದೆ’ ಎನ್ನುತ್ತಾನೆ ತಂದೆ. ಸ್ವಲ್ಪ ಹೊತ್ತಿಗೆ ಹುಂಜ ಕೂಗುತ್ತದೆ. ‘ಹುಂಜವೂ ಕೆನೆಯುತ್ತದಾ?’ ಎಂದು ಹುಡುಗ ಕೇಳುತ್ತಾನೆ. ಇಂಗ್ಲಿಷಿನಲ್ಲಿ ಹುಂಜಕ್ಕೆ ‘ಕಾಕ್’, ಕೆನೆಯುವುದಕ್ಕೆ ‘ನೇ’. ಎರಡೂ ಸೇರಿ ಲಂಡನ್ನಿಗರಿಗೆ ‘ಕಾಕ್ನಿ’ ಎಂಬ ಹೆಸರು ಬಂತಂತೆ!

ಇದು ನಿಜವೇ?
ಅಲ್ಲ. ಈ ಕಥೆ 1617ರಲ್ಲಿ ಜಾನ್ ಮಿನ್ಶ್ಯೂ ಅವರ ನಿಘಂಟಿನಲ್ಲಿ ಅಚ್ಚಾಗಿತ್ತು. ಆದರೆ ಪದ ಅದಕ್ಕಿಂತ 200ಕ್ಕೂ ಹೆಚ್ಚು ವರ್ಷ ಹಳೆಯದು. 14ನೇ ಶತಮಾನದ ಕವಿ ಚಾಸರ್ ಇದನ್ನು ಬಳಸಿದ್ದಾರೆ. ಅಲ್ಲಿ ಇದರ ಅರ್ಥ ಲಂಡನ್ನಿಗ ಎಂದಲ್ಲ, ಪುಕ್ಕಲ ಎಂದು.

ಹಾಗಾದರೆ ಮೂಲ ಯಾವುದು?
ಮಧ್ಯಕಾಲೀನ ಇಂಗ್ಲಿಷಿನ ‘ಕೋಕೆನೆಯ್’, ಅಂದರೆ ‘ಹುಂಜದ ಮೊಟ್ಟೆ’ ಎಂಬುದು ಹೆಚ್ಚಿನ ಭಾಷಾತಜ್ಞರ ಅಭಿಪ್ರಾಯ. ಹುಂಜ ಮೊಟ್ಟೆ ಇಡುವುದಿಲ್ಲ. ತೀರಾ ಚಿಕ್ಕದಾದ, ಸೊಟ್ಟಗಿನ ಮೊಟ್ಟೆಯನ್ನು ಜನ ತಮಾಷೆಗೆ ಹಾಗೆ ಕರೆಯುತ್ತಿದ್ದರು. ಮುಂದೆ ಅದು ಅತಿಮುದ್ದಿನಿಂದ ಕೆಟ್ಟ ಮಗುವಿಗೆ, ಆಮೇಲೆ ಮೈಬಗ್ಗಿಸಿ ದುಡಿಯಲಾರದ ಪೇಟೆಯವರಿಗೆ ಹಳ್ಳಿಯವರು ಇಟ್ಟ ಅಡ್ಡಹೆಸರಾಯಿತು. 1600ರ ಹೊತ್ತಿಗೆ ಲಂಡನ್ನಿಗರಿಗೇ ಅಂಟಿಕೊಂಡಿತು.

ಗಂಟೆಯ ಸಂಬಂಧವೇನು?
ಲಂಡನ್ನಿನ ಚೀಪ್‌ಸೈಡ್‌ನಲ್ಲಿರುವ ಸೇಂಟ್ ಮೇರಿ-ಲೆ-ಬೋ ಚರ್ಚಿನ ಗಂಟೆ ಕೇಳಿಸುವಷ್ಟು ದೂರದಲ್ಲಿ ಹುಟ್ಟಿದವರೇ ನಿಜವಾದ ಕಾಕ್ನಿಗಳು ಎಂಬ ಮಾತಿದೆ. ಇದು ಸುಳ್ಳಲ್ಲ, 17ನೇ ಶತಮಾನದಿಂದಲೂ ಬಳಕೆಯಲ್ಲಿದೆ. ಆದರೆ ಇದು ಯಾರು ಕಾಕ್ನಿ ಎಂದು ಹೇಳುತ್ತದೆಯೇ ಹೊರತು ಪದ ಹೇಗೆ ಹುಟ್ಟಿತು ಎಂದಲ್ಲ. 1941ರ ಬಾಂಬ್ ದಾಳಿಯಲ್ಲಿ ಗಂಟೆಗಳು ನಾಶವಾದವು. 1961ರವರೆಗೆ ಅಲ್ಲಿ ಗಂಟೆ ಮೊಳಗಲಿಲ್ಲ. ಹಾಗೆಂದು ಕಾಕ್ನಿಗಳು ಹುಟ್ಟುವುದು ನಿಲ್ಲಲಿಲ್ಲ! ಈಗ ಪೂರ್ವ ಲಂಡನ್ನಿನ ದುಡಿಯುವ ಜನರನ್ನೂ ಅವರ ಆಡುಮಾತನ್ನೂ ಕಾಕ್ನಿ ಎನ್ನುತ್ತಾರೆ. ಒಂದು ಕಾಲದ ಬೈಗುಳವನ್ನು ಇಂದು ಅನೇಕರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ತೀರ್ಮಾನ
ಹುಂಜ ಕೆನೆದ ಕಥೆ ಸುಳ್ಳು. ಪೇಟೆಯವರನ್ನು ಹಾಸ್ಯ ಮಾಡಲು ಪದವನ್ನು ಒಡೆದು ಕಟ್ಟಿದ ನಗೆಹನಿ ಅದು. ನಿಘಂಟಿನಲ್ಲಿ ಅಚ್ಚಾದ ಮಾತ್ರಕ್ಕೆ ನಿಜವಾಗುವುದಿಲ್ಲ. ಪದದ ಮೂಲ ಹೇಳುವ ಫಾರ್ವರ್ಡ್ ನಿಮಗೂ ಬಂದರೆ ಒಂದು ಪ್ರಶ್ನೆ ಕೇಳಿ: ಪದ ಮೊದಲೋ, ಕಥೆ ಮೊದಲೋ? ಪದವೇ ಎಷ್ಟೋ ಹಳೆಯದಾಗಿದ್ದರೆ, ಹಂಚುವ ಮೊದಲು ಅನುಮಾನಿಸಿ.