ಕ್ಲೋರಂಫೆನಿಕಾಲ್: ಮೊಂಡಾಗಿ ಮತ್ತೆ ಹರಿತವಾದ ಮದ್ದಿನ ಚರಿತ್ರೆ

ಜ್ವರವೆಂದು ವೈದ್ಯರಲ್ಲಿಗೆ ಹೋಗುತ್ತೀರಿ. ಅವರು ಪರೀಕ್ಷಿಸಿ, ಬರೇ ಪ್ಯಾರಸಿಟಮಾಲ್ ಬರೆದುಕೊಟ್ಟು, ಎರಡು ದಿನ ಬಿಟ್ಟು ಬನ್ನಿ ಎನ್ನುತ್ತಾರೆ. ಆಗ ನಿಮಗೆ ಸಮಾಧಾನವಾಗುತ್ತದೆಯೇ, ಇಲ್ಲವೇ ಕಸಿವಿಸಿಯಾಗುತ್ತದೆಯೇ? ನಮ್ಮಲ್ಲಿ ಬಹಳ ಮಂದಿಗೆ ಆಗುವುದು ಕಸಿವಿಸಿಯೇ. ಆಂಟಿಬಯೋಟಿಕ್ ಇಲ್ಲದ ಚೀಟಿಯನ್ನು ನಾವು ಅರ್ಧ ಚಿಕಿತ್ಸೆ ಎಂದೇ ಭಾವಿಸುತ್ತೇವೆ. ಈ ಭಾವನೆ ಹೇಗೆ ಬೆಳೆಯಿತು, ಅದಕ್ಕೆ ನಾವು ತೆತ್ತ ಬೆಲೆ ಏನು ಎಂಬುದನ್ನು ತಿಳಿಯಲು ಒಂದೇ ಒಂದು ಮದ್ದಿನ ಚರಿತ್ರೆಯನ್ನು ನೋಡಿದರೆ ಸಾಕು. ಅದು ಕ್ಲೋರಂಫೆನಿಕಾಲ್.

ನಾನು ಭೌತಶಾಸ್ತ್ರದ ಅಧ್ಯಾಪಕ, ವೈದ್ಯನಲ್ಲ. ಆದರೆ ಈ ಮದ್ದಿನೊಡನೆ ನನಗೆ ಹಳೆಯ ನಂಟಿದೆ. 1979ರ ಮಳೆಗಾಲದಲ್ಲಿ, ಮಂಗಳೂರಿನ ಬೋಳಾರದ ನಮ್ಮ ಹೆಂಚಿನ ಮನೆಯಲ್ಲಿ, ಒಂಬತ್ತು ವರ್ಷದವನಾಗಿದ್ದ ನನಗೆ ಟೈಫಾಯ್ಡ್ ಬಂದಿತ್ತು. ಆರು ಗಂಟೆಗೊಮ್ಮೆ ಮದ್ದು. ನಡುರಾತ್ರಿಯ ಸರದಿಗೆ ಅಮ್ಮ ಅಲಾರಂ ಇಟ್ಟು ಎದ್ದು, ನನ್ನನ್ನು ಎಬ್ಬಿಸಿ ಮದ್ದು ಕುಡಿಸುತ್ತಿದ್ದರು. ಊಟಕ್ಕೆ ಗಂಜಿಯ ತೆಳಿ. ನಾಲ್ಕೈದು ದಿನಗಳಲ್ಲಿ ಜ್ವರ ಇಳಿಯಿತು. ಅಜ್ಜಿಯ ಕಾಲದಲ್ಲಾಗಿದ್ದರೆ ಇದೇ ಕಾಯಿಲೆ ಮೂರು ನಾಲ್ಕು ವಾರ ಕಾಡಿ, ಹತ್ತು ಮಂದಿಯಲ್ಲಿ ಒಬ್ಬರನ್ನೋ ಇಬ್ಬರನ್ನೋ ಒಯ್ಯುತ್ತಿತ್ತು.

ಕೌಲಾಲಂಪುರದ ಆಕಸ್ಮಿಕ

ಕ್ಲೋರಂಫೆನಿಕಾಲ್ ಮಣ್ಣಿನಿಂದ ಬಂದ ಮದ್ದು. ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದ ಕರಾಕಾಸ್ ಬಳಿಯ ಮಣ್ಣಿನಲ್ಲಿದ್ದ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಯಿಂದ ಅದನ್ನು ಪ್ರತ್ಯೇಕಿಸಿದ ಸಂಗತಿ 1947ರಲ್ಲಿ ಪ್ರಕಟವಾಯಿತು. ಮರುವರ್ಷ ಅಮೆರಿಕದ ವೈದ್ಯರ ತಂಡವೊಂದು ಮಲಯಾದ ಕೌಲಾಲಂಪುರದಲ್ಲಿ ಸ್ಕ್ರಬ್ ಟೈಫಸ್ ಎಂಬ ಜ್ವರದ ಮೇಲೆ ಇದನ್ನು ಪರೀಕ್ಷಿಸುತ್ತಿತ್ತು. ಸ್ಕ್ರಬ್ ಟೈಫಸ್ ಎಂದುಕೊಂಡು ಮದ್ದು ಕೊಟ್ಟ ಕೆಲವರಿಗೆ ಇದ್ದದ್ದು ನಿಜವಾಗಿ ಟೈಫಾಯ್ಡ್ ಎಂದು ಆಮೇಲೆ ತಿಳಿಯಿತು. ಆದರೆ ಅವರೂ ಗುಣಮುಖರಾಗತೊಡಗಿದ್ದರು! ತಂಡವು ಕೂಡಲೇ ಟೈಫಾಯ್ಡ್ ರೋಗಿಗಳ ಮೇಲೆ ಪ್ರಯೋಗ ನಡೆಸಿ 1948ರಲ್ಲಿ ವರದಿ ಪ್ರಕಟಿಸಿತು. ಥಿಯೊಡೋರ್ ವುಡ್‌ವರ್ಡ್ ಮೊದಲಾದ ಐವರು ಲೇಖಕರಲ್ಲಿ ಒಬ್ಬರ ಹೆಸರು ಮಂಕಿಕರ್. ನಮ್ಮ ಕರಾವಳಿಯವರಿಗೆ ಈ ಕುಲನಾಮ ಅಪರಿಚಿತವಲ್ಲ.

1949ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಪೂರ್ಣವಾಗಿ ಸಂಶ್ಲೇಷಿಸುವ ವಿಧಾನ ತಿಳಿಯಿತು. ಮದ್ದು ಅಗ್ಗವಾಯಿತು, ಬಡದೇಶಗಳಿಗೂ ತಲಪಿತು. ಟೈಫಾಯ್ಡ್ ಸಾವುಗಳು ನೂರಕ್ಕೆ ಒಂದರ ಆಸುಪಾಸಿಗೆ ಇಳಿದವು. ಅಪರೂಪಕ್ಕೆ ಮೂಳೆಯ ಮಜ್ಜೆಯನ್ನು ಕೆಡಿಸಿ ಪ್ರಾಣಾಪಾಯ ತರುವ ದೋಷ ಅದಕ್ಕಿದೆ ಎಂಬುದು ಬೇಗನೆ ಗೊತ್ತಾದರೂ, ಸುಮಾರು ಕಾಲು ಶತಮಾನ ಟೈಫಾಯ್ಡಿಗೆ ಅದೇ ಮೊದಲ ಮದ್ದಾಗಿತ್ತು.

ಕೋಳಿಕ್ಕೋಡಿನ ಎಚ್ಚರಿಕೆ

1972ರಲ್ಲಿ ಜಗತ್ತಿನ ಎರಡು ಮೂಲೆಗಳಿಂದ ಕೆಟ್ಟ ಸುದ್ದಿ ಬಂತು. ಒಂದು ಮೆಕ್ಸಿಕೊ ದೇಶದಿಂದ. ಅಲ್ಲಿ ಕ್ಲೋರಂಫೆನಿಕಾಲಿಗೆ ಬಗ್ಗದ ಟೈಫಾಯ್ಡ್ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಾಧಿಸಿತು. ಇನ್ನೊಂದು ನಮ್ಮ ನೆರೆಯ ಕೋಳಿಕ್ಕೋಡಿನಿಂದ. ಅಲ್ಲಿನ ವೈದ್ಯಕೀಯ ಕಾಲೇಜಿನ ಸಿ. ಕೆ. ಜಯರಾಮ ಪಣಿಕ್ಕರ್ ಮತ್ತು ಕೆ. ಎನ್. ವಿಮಲಾ ಅವರು ರೋಗಿಗಳಿಂದ ಪಡೆದ ಬ್ಯಾಕ್ಟೀರಿಯಾಗಳು ಈ ಮದ್ದಿಗೆ ನಿರೋಧ ತೋರುವುದನ್ನು ಕಂಡರು. ಅಷ್ಟೇ ಅಲ್ಲ, ಆ ನಿರೋಧಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ವರ್ಗವಾಗಬಲ್ಲದು ಎಂಬುದನ್ನೂ ತೋರಿಸಿದರು. ಅವರ ಪ್ರಬಂಧ ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಗಮನಿಸಿ, ಕೋಳಿಕ್ಕೋಡು ಮಂಗಳೂರಿನಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದಾರಿ. 1979ರಲ್ಲಿ ನನಗೆ ತಗಲಿದ ಬ್ಯಾಕ್ಟೀರಿಯಾ ಹಳೆಯ ಬಗೆಯದಾಗಿತ್ತು. ಹಾಗಾಗಿ ಮದ್ದು ನಾಟಿತು. ನನ್ನ ಪಾಲಿಗೆ ಅದು ಅದೃಷ್ಟ.

ಭೌತವಿಜ್ಞಾನಿಯ ಲೆಕ್ಕಾಚಾರ

ಬ್ಯಾಕ್ಟೀರಿಯಾ ಮದ್ದಿಗೆ ನಿರೋಧ ಗಳಿಸುವುದು ಹೇಗೆ? ಮದ್ದಿನ ಸಹವಾಸದಿಂದ ಅದಕ್ಕೆ ಅಭ್ಯಾಸವಾಗುತ್ತದೆ ಎಂದು ಬಹಳ ಮಂದಿ ಇಂದಿಗೂ ತಿಳಿದಿದ್ದಾರೆ. ಇದು ಸರಿಯಲ್ಲವೆಂದು ತೋರಿಸಿದವರಲ್ಲಿ ಒಬ್ಬರು ಭೌತವಿಜ್ಞಾನಿ ಎಂಬುದು ನನಗೆ ಹೆಮ್ಮೆಯ ಸಂಗತಿ. ಮ್ಯಾಕ್ಸ್ ಡೆಲ್ಬ್ರುಕ್ ಮೊದಲು ಸೈದ್ಧಾಂತಿಕ ಭೌತಶಾಸ್ತ್ರ ಓದಿದವರು, ಬರ್ಲಿನ್ನಿನಲ್ಲಿ ಲೀಸ ಮೈಟ್ನರ್ ಅವರಿಗೆ ಸಹಾಯಕರಾಗಿದ್ದವರು. ಅವರೂ ಸಾಲ್ವಡಾರ್ ಲೂರಿಯ ಅವರೂ ಸೇರಿ 1943ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳವಾದುದು.

ಒಂದೇ ಬಗೆಯ ಬ್ಯಾಕ್ಟೀರಿಯಾಗಳನ್ನು ಹಲವು ಪ್ರನಾಳಗಳಲ್ಲಿ ಬೇರೆ ಬೇರೆಯಾಗಿ ಬೆಳೆಸಿ, ಕೊನೆಗೆ ಅವನ್ನು ಕೊಲ್ಲಬಲ್ಲ ವೈರಸ್ ಇರುವ ತಟ್ಟೆಗಳ ಮೇಲೆ ಹರಡಿ, ಉಳಿದವುಗಳನ್ನು ಎಣಿಸಿದರು. ವೈರಸ್ಸನ್ನು ಕಂಡ ಮೇಲೆ ಬ್ಯಾಕ್ಟೀರಿಯಾ 'ಅಭ್ಯಾಸ' ಮಾಡಿಕೊಳ್ಳುವುದಾದರೆ ಎಲ್ಲ ಪ್ರನಾಳಗಳಲ್ಲೂ ಉಳಿದವುಗಳ ಸಂಖ್ಯೆ ಹೆಚ್ಚು ಕಡಿಮೆ ಸಮನಾಗಿರಬೇಕು. ಆದರೆ ಕೆಲವು ಪ್ರನಾಳಗಳಲ್ಲಿ ಸೊನ್ನೆ, ಕೆಲವದರಲ್ಲಿ ನೂರಕ್ಕೂ ಹೆಚ್ಚು! ಇದರ ಅರ್ಥ ಸ್ಪಷ್ಟ. ನಿರೋಧ ತರುವ ಉತ್ಪರಿವರ್ತನೆ ವೈರಸ್ ಬರುವುದಕ್ಕೆ ಮೊದಲೇ, ಆಕಸ್ಮಿಕವಾಗಿ ಆಗಿರುತ್ತದೆ. ಬೇಗ ಆದ ಪ್ರನಾಳದಲ್ಲಿ ಅದರ ಸಂತತಿ ದೊಡ್ಡದು, ತಡವಾಗಿ ಆದಲ್ಲಿ ಚಿಕ್ಕದು. 1952ರಲ್ಲಿ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ದಂಪತಿ ಮಖಮಲ್ ಬಟ್ಟೆಯಿಂದ ತಟ್ಟೆಯ ಅಚ್ಚು ತೆಗೆಯುವ ಉಪಾಯದಿಂದ ಸ್ಟ್ರೆಪ್ಟೊಮೈಸಿನ್ ಮದ್ದಿನ ವಿಷಯದಲ್ಲೂ ಹೀಗೆಯೇ ಎಂದು ತೋರಿಸಿದರು.

ಸಣ್ಣ ಲೆಕ್ಕ ಮಾಡೋಣ. 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಬ್ಯಾಕ್ಟೀರಿಯಾ 8 ಗಂಟೆಗಳಲ್ಲಿ 24 ಸಲ ದ್ವಿಗುಣಗೊಳ್ಳುತ್ತದೆ. ಒಂದು ಹೋಗಿ 1,67,77,216 ಆಗುತ್ತದೆ. ಒಂದು ಕೋಟಿ ವಿಭಜನೆಗಳಿಗೊಮ್ಮೆ ನಿರೋಧದ ಉತ್ಪರಿವರ್ತನೆ ಆಗುವುದೆಂದಿಟ್ಟುಕೊಂಡರೂ, ಒಂದೇ ರಾತ್ರಿಯಲ್ಲಿ ಅಂಥದೊಂದು ಹುಟ್ಟಿರಬಹುದು. ಮದ್ದು ಅದನ್ನು ಹುಟ್ಟಿಸುವುದಿಲ್ಲ. ಉಳಿದೆಲ್ಲವನ್ನೂ ಕೊಂದು ಅದಕ್ಕೆ ಅಂಗಳ ತೆರವು ಮಾಡಿಕೊಡುತ್ತದೆ. ಅನಗತ್ಯವಾಗಿ ನುಂಗಿದ ಪ್ರತಿಯೊಂದು ಗುಳಿಗೆಯೂ ಮಾಡುವ ಕೆಲಸ ಇದೇ.

ಕೋಳಿಕ್ಕೋಡಿನಲ್ಲಿ ಕಂಡದ್ದು ಇದಕ್ಕಿಂತ ಅಪಾಯಕಾರಿ. ಅಲ್ಲಿ ನಿರೋಧದ ಜೀನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿತ್ತು. ಇಂಥ ಉಂಗುರವನ್ನು ಬ್ಯಾಕ್ಟೀರಿಯಾಗಳು, ಬೇರೆ ಜಾತಿಯವೂ ಸೇರಿ, ಒಂದಕ್ಕೊಂದು ದಾಟಿಸಬಲ್ಲವು. ಆ ಜೀನಿನಿಂದ ತಯಾರಾಗುವ ಕಿಣ್ವವು ಮದ್ದಿನ ಅಣುವಿಗೆ ಅಸಿಟೈಲ್ ಗುಂಪೊಂದನ್ನು ಅಂಟಿಸುತ್ತದೆ. ಆಗ ಅಣು ತನ್ನ ಗುರಿಯಾದ ರೈಬೊಸೋಮಿಗೆ ಕೂಡಲಾರದು. ಬೀಗದ ಕೈಯ ಹಲ್ಲಿಗೆ ಅರಗು ಮೆತ್ತಿದಂತೆ!

ಮುಗಿಯದ ಓಟ

ಮುಂದೆ ಆದದ್ದು ಒಂದೇ ಕಥೆಯ ಪುನರಾವರ್ತನೆ. ಕ್ಲೋರಂಫೆನಿಕಾಲ್ ಜತೆಗೆ ಆಂಪಿಸಿಲಿನ್, ಕೋ-ಟ್ರೈಮಾಕ್ಸಜೋಲ್ ಬಳಕೆಗೆ ಬಂದವು. 1980ರ ದಶಕದ ಕೊನೆಗೆ ಮೂರಕ್ಕೂ ಒಟ್ಟಿಗೆ ಬಗ್ಗದ ಟೈಫಾಯ್ಡ್ ಭಾರತದಲ್ಲಿ ಹಬ್ಬಿತು. ಸಿಪ್ರೊಫ್ಲಾಕ್ಸಸಿನ್ ಬಂತು, 1990ರ ದಶಕದಲ್ಲೇ ಅದೂ ಮೊಂಡಾಗತೊಡಗಿತು. ಆಮೇಲೆ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು, ಅಜಿಥ್ರೊಮೈಸಿನ್ ಗುಳಿಗೆ. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ ಸೆಫ್ಟ್ರಿಯಾಕ್ಸೋನಿಗೂ ಬಗ್ಗದ ಟೈಫಾಯ್ಡ್ ಕಾಣಿಸಿಕೊಂಡಾಗ, ಬಾಯಿಯಿಂದ ಸೇವಿಸುವ ಮದ್ದುಗಳಲ್ಲಿ ಅಲ್ಲಿನ ವೈದ್ಯರ ಕೈಯಲ್ಲಿ ಉಳಿದದ್ದು ಹೆಚ್ಚುಕಡಿಮೆ ಅಜಿಥ್ರೊಮೈಸಿನ್ ಒಂದೇ.

ಆದರೆ ಈ ಚರಿತ್ರೆಯಲ್ಲಿ ಒಂದು ಅಚ್ಚರಿಯೂ ಇದೆ. ವೈದ್ಯರು ಕ್ಲೋರಂಫೆನಿಕಾಲನ್ನು ಕೈಬಿಟ್ಟು ವರ್ಷಗಳು ಕಳೆದಂತೆ, ಅದಕ್ಕೆ ಬಗ್ಗುವ ಬ್ಯಾಕ್ಟೀರಿಯಾಗಳ ಪ್ರಮಾಣ ಮತ್ತೆ ಏರಿತು. ಇಂದು ಭಾರತದ ಟೈಫಾಯ್ಡ್ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಆ ಹಳೆಯ ಮದ್ದಿಗೆ ಮಣಿಯುತ್ತವೆ! ಕಾರಣ ಊಹಿಸಬಹುದು. ಮದ್ದಿಲ್ಲದ ಪರಿಸರದಲ್ಲಿ ಪ್ಲಾಸ್ಮಿಡ್ ಹೊರುವುದು ವೃಥಾ ಭಾರ. ಹೊರದವು ಮುಂದೆ ಬರುತ್ತವೆ. ಹಾಗೆಂದು ಎಲ್ಲ ಮದ್ದುಗಳೂ ಹೀಗೆ ಮರಳುತ್ತವೆಂದು ನಂಬಬೇಡಿ. ಸಿಪ್ರೊಫ್ಲಾಕ್ಸಸಿನ್ ನಿರೋಧಕ್ಕೆ ಕಾರಣವಾದ ಉತ್ಪರಿವರ್ತನೆ ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯಲ್ಲೇ ಇದೆ, ಅದರಿಂದ ಅದಕ್ಕೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಆ ಮದ್ದು ಮರಳಿಲ್ಲ. ಕ್ಲೋರಂಫೆನಿಕಾಲನ್ನೂ ಮಜ್ಜೆಯ ಅಪಾಯದಿಂದಾಗಿ ವೈದ್ಯರು ಸುಲಭವಾಗಿ ಮತ್ತೆ ಬಳಸುವುದಿಲ್ಲ. ಆದರೂ ಪಾಠ ಉಳಿಯುತ್ತದೆ: ಬಳಕೆಯ ಒತ್ತಡ ಇಳಿಸಿದರೆ ಕೆಲವೊಮ್ಮೆ ಪ್ರಕೃತಿಯೇ ನಮಗೆ ಮದ್ದನ್ನು ಹಿಂದಿರುಗಿಸುತ್ತದೆ.

ಆಸ್ಪತ್ರೆಯ ಬಾಗಿಲಲ್ಲಿ

ಈಗ ನಮ್ಮ ಊರಿಗೆ ಬರೋಣ. ಮಳೆಗಾಲದ ಮಂಗಳೂರಿನಲ್ಲಿ ಜ್ವರವೆಂದರೆ ಅದು ಮಲೇರಿಯ ಆಗಿರಬಹುದು, ಡೆಂಗಿ, ಇಲಿಜ್ವರ, ಸ್ಕ್ರಬ್ ಟೈಫಸ್, ಟೈಫಾಯ್ಡ್, ಯಾವುದೂ ಆಗಿರಬಹುದು. ಮೊದಲ ಮೂರು ದಿನ ಇವೆಲ್ಲ ಒಂದೇ ತೆರನಾಗಿ ಕಾಣುತ್ತವೆ. ಡೆಂಗಿ ವೈರಸ್ಸಿಗೆ ಆಂಟಿಬಯೋಟಿಕ್ ಏನೂ ಮಾಡದು. ಮಲೇರಿಯಕ್ಕೆ ಬೇರೆಯೇ ಮದ್ದು. ಇಲಿಜ್ವರಕ್ಕೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಹಳೆಯ ಮದ್ದುಗಳೇ ಸಾಕಾಗುತ್ತವೆ. ಟೈಫಾಯ್ಡಿಗೆ ಎಲ್ಲೆಡೆ ಮಾಡಿಸುವ ವಿಡಾಲ್ ಪರೀಕ್ಷೆ 1896ರಷ್ಟು ಹಳೆಯದು. ಟೈಫಾಯ್ಡ್ ಸಾಮಾನ್ಯವಾಗಿರುವ ಊರುಗಳಲ್ಲಿ ಒಮ್ಮೆ ಮಾತ್ರ ಮಾಡಿದ ವಿಡಾಲ್ ನಂಬಲರ್ಹವಲ್ಲ; ಹಿಂದೆಂದೋ ಬಂದುಹೋದ ಸೋಂಕು, ಬೇರೆ ಜ್ವರ ಕೂಡ ಅದನ್ನು 'ಪಾಸಿಟಿವ್' ಮಾಡಬಲ್ಲವು. ನಂಬಬೇಕಾದದ್ದು ರಕ್ತದ ಕಲ್ಚರ್. ಅದಕ್ಕೆ ಎರಡು ಮೂರು ದಿನವಾದರೂ ಬೇಕು, ಮತ್ತು ಮೊದಲೇ ಆಂಟಿಬಯೋಟಿಕ್ ಕೊಟ್ಟಿದ್ದರೆ ಫಲಿತಾಂಶ ಕೆಡುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಮಗನನ್ನು ಜ್ವರಕ್ಕೆಂದು ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ರಕ್ತ ತೆಗೆಯುವ ಮೊದಲೇ ಎರಡು ಬಗೆಯ ಚುಚ್ಚುಮದ್ದು ಶುರುವಾಗಿತ್ತು. ಯಾಕೆಂದು ಕೇಳಿದೆ. 'ಇರಲಿ ಸರ್, ಸೇಫ್ಟಿಗೆ' ಎಂಬ ಉತ್ತರ ಬಂತು. ಐದನೆಯ ದಿನ ಡೆಂಗಿ ಎಂದು ಖಚಿತವಾಯಿತು. ಹುಡುಗ ಗುಣವಾದ. ಆದರೆ ಆ ಐದು ದಿನ ಅವನ ಕರುಳಿನಲ್ಲಿ ಉಳಿದು ಬೆಳೆದ ಬ್ಯಾಕ್ಟೀರಿಯಾಗಳ ಲೆಕ್ಕವನ್ನು ಯಾರೂ ಇಡಲಿಲ್ಲ. ನಾನು ಕೂಡ ಎರಡನೆಯ ಪ್ರಶ್ನೆ ಕೇಳದೆ ಸುಮ್ಮನಾಗಿದ್ದೆ. ನಿಜ ಹೇಳುವುದಾದರೆ, ಅಂದು ನನಗೂ ಆ ಚುಚ್ಚುಮದ್ದಿನಿಂದ ಸಮಾಧಾನವೇ ಆಗಿತ್ತು.

ಹಾಗಾದರೆ ಆಸ್ಪತ್ರೆಗಳು ಏನು ಮಾಡಬೇಕು? ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಮೊದಲ ಆಂಟಿಬಯೋಟಿಕ್‌ಗೆ ಮುನ್ನ ಕಲ್ಚರಿಗೆ ಮಾದರಿ ತೆಗೆಯುವುದು. ಆದರೆ ರೋಗಿ ತೀರಾ ಗಂಭೀರವಾಗಿದ್ದರೆ ಮದ್ದನ್ನು ತಡಮಾಡದಿರುವುದು. ಎರಡು ಮೂರು ದಿನಗಳ ಬಳಿಕ ಫಲಿತಾಂಶ ನೋಡಿ, ಮುಂದುವರಿಸಬೇಕೇ, ಬದಲಿಸಬೇಕೇ, ನಿಲ್ಲಿಸಬೇಕೇ ಎಂದು ಚೀಟಿಯಲ್ಲಿ ಬರೆದಿಡುವುದು. ಆಗುವಲ್ಲಿ ಚುಚ್ಚುಮದ್ದಿನಿಂದ ಗುಳಿಗೆಗೆ ಇಳಿಯುವುದು. ಶಸ್ತ್ರಚಿಕಿತ್ಸೆಗೆ ಮುಂಚೆ ಸರಿಯಾದ ಹೊತ್ತಿಗೆ ಒಂದು ಡೋಸ್ ಕೊಟ್ಟು, ಬಳಿಕ ವಾರಗಟ್ಟಲೆ ಎಳೆಯದಿರುವುದು. ತನ್ನಲ್ಲಿ ಯಾವ ಬ್ಯಾಕ್ಟೀರಿಯಾ ಯಾವ ಮದ್ದಿಗೆ ಬಗ್ಗುತ್ತದೆ ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ತಯಾರಿಸಿ ಪ್ರತಿ ವಾರ್ಡಿನಲ್ಲಿ ತೂಗುಹಾಕುವುದು. ಮತ್ತು 1847ರಲ್ಲಿ ವಿಯೆನ್ನಾದಲ್ಲಿ ಸೆಮೆಲ್ವೈಸ್ ತೋರಿಸಿದಂತೆ, ಕೈ ತೊಳೆಯುವುದು.

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿತು: ಮೊದಲ ಆಯ್ಕೆಗೆ ಸುಲಭವಾಗಿ ಸಿಗಬೇಕಾದವು, ಎಚ್ಚರದಿಂದ ಬಳಸಬೇಕಾದವು, ಕೊನೆಯ ಗಳಿಗೆಗೆ ಕಾದಿರಿಸಬೇಕಾದವು. ಕ್ಲೋರಂಫೆನಿಕಾಲ್ ಮೊದಲ ಗುಂಪಿನಲ್ಲಿದೆ, ಸೆಫ್ಟ್ರಿಯಾಕ್ಸೋನ್, ಅಜಿಥ್ರೊಮೈಸಿನ್ ಎರಡನೆಯದರಲ್ಲಿ, ಕೊಲಿಸ್ಟಿನ್ ಮೂರನೆಯದರಲ್ಲಿ. 2030ರೊಳಗೆ ಜಗತ್ತಿನ ಒಟ್ಟು ಬಳಕೆಯಲ್ಲಿ ಮೊದಲ ಗುಂಪಿನ ಪಾಲು ಶೇಕಡಾ 70 ಆಗಬೇಕೆಂದು 2024ರಲ್ಲಿ ವಿಶ್ವಸಂಸ್ಥೆಯಲ್ಲಿ ರಾಷ್ಟ್ರಗಳು ಒಪ್ಪಿಕೊಂಡಿವೆ.

ನಮ್ಮ ದೇಶವೂ ಸುಮ್ಮನೆ ಕುಳಿತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2013ರಲ್ಲಿ ನಿರೋಧಕತೆಯ ಕಣ್ಗಾವಲು ಜಾಲ ಆರಂಭಿಸಿತು. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಅನುಸೂಚಿಯಂತೆ ಕೆಲವು ಆಂಟಿಬಯೋಟಿಕ್‌ಗಳನ್ನು ಮಾರಿದ ಅಂಗಡಿಯವರು ವೈದ್ಯರ ಹಾಗೂ ರೋಗಿಯ ಹೆಸರನ್ನು ದಾಖಲಿಸಿಡಬೇಕು. 2017ರಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆ ಪ್ರಕಟವಾಯಿತು.

ಇನ್ನೊಂದು ಮುಖವನ್ನೂ ಮರೆಯಬಾರದು. ಬಡದೇಶಗಳಲ್ಲಿ ಬೇಕಾದ ಆಂಟಿಬಯೋಟಿಕ್ ಸಕಾಲದಲ್ಲಿ ಸಿಗದೆ ಸಾಯುವವರೂ ಬಹಳ. 1954ರಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್, 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಸ್ಥಾಪನೆಯಾದದ್ದು ಮದ್ದು ನಮ್ಮ ಜನರ ಕೈಗೆಟುಕಬೇಕು ಎಂಬುದಕ್ಕಾಗಿ. ಆದ್ದರಿಂದ 'ಕಡಿಮೆ ಬಳಸಿ' ಎಂಬುದು ಅರ್ಧ ಮಾತು. ಬೇಕಾದವರಿಗೆ ತಪ್ಪದೆ, ಬೇಡದವರಿಗೆ ಕೊಡದೆ ಎಂಬುದು ಪೂರ್ಣ ಮಾತು. 2019ನೇ ಇಸವಿಯೊಂದರಲ್ಲೇ ಜಗತ್ತಿನಾದ್ಯಂತ ಸುಮಾರು 12 ಲಕ್ಷ 70 ಸಾವಿರ ಸಾವುಗಳಿಗೆ ಬ್ಯಾಕ್ಟೀರಿಯಾಗಳ ಔಷಧ ನಿರೋಧವೇ ನೇರ ಕಾರಣವೆಂದು 2022ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ.

ನೀವು ಮಾಡಬಹುದಾದ್ದು

ನೀರು ಕುದಿಸಿ ಕುಡಿಯಿರಿ. ಟೈಫಾಯ್ಡ್ ಹರಡುವುದೇ ಕೊಳೆನೀರು, ಕಲುಷಿತ ಆಹಾರಗಳಿಂದ. ಭಾರತದಲ್ಲೇ ತಯಾರಾಗುವ ಟೈಫಾಯ್ಡ್ ಲಸಿಕೆಯ ಬಗ್ಗೆ ಮಕ್ಕಳ ವೈದ್ಯರಲ್ಲಿ ಕೇಳಿ. ಸೋಂಕೇ ಬಾರದಿದ್ದರೆ ಮದ್ದಿನ ಮಾತೇ ಇಲ್ಲ. ಔಷಧಿ ಅಂಗಡಿಯಲ್ಲಿ 'ಎರಡು ಗುಳಿಗೆ ಕೊಡಿ' ಎಂದು ಚೀಟಿಯಿಲ್ಲದೆ ಕೇಳಬೇಡಿ. ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳಿ, ಕಡಿಮೆಯೂ ಬೇಡ, ಹೆಚ್ಚೂ ಬೇಡ. ಆಸ್ಪತ್ರೆಯಲ್ಲಿ ವಿನಯದಿಂದ ಎರಡು ಪ್ರಶ್ನೆ ಕೇಳಿ: 'ಕಲ್ಚರಿಗೆ ರಕ್ತ ತೆಗೆದಿದ್ದೀರಾ? ಈ ಮದ್ದನ್ನು ಯಾವಾಗ ಮರುಪರಿಶೀಲಿಸುತ್ತೀರಿ?' ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸಲಾರರು.

1979ರ ಆ ರಾತ್ರಿಗಳಲ್ಲಿ ಅಮ್ಮ ಅಲಾರಂ ಇಟ್ಟು ಕೊಟ್ಟ ಮದ್ದು ನನಗೆ ನಾಟಿತು. ಇಂದು ಬೋಳಾರದಲ್ಲಿ ಜ್ವರ ಬಂದು ಮಲಗಿರುವ ಮಗುವಿಗೂ ಅದರ ಅಮ್ಮ ಕೊಡುವ ಮದ್ದು ನಾಟಬೇಕು. ಅದು ನಾಟುವುದೋ ಇಲ್ಲವೋ ಎಂಬುದು ಆ ಮಗುವಿನ ಕೈಯಲ್ಲಿಲ್ಲ. ನಿನ್ನೆ ನಾವು ನೀವು ಅನಗತ್ಯವಾಗಿ ನುಂಗಿದ, ಇಲ್ಲವೇ ನುಂಗದೆ ಬಿಟ್ಟ ಗುಳಿಗೆಗಳ ಮೇಲೆ ಅದು ನಿಂತಿದೆ.