ಖಡ್ಗವೂ ಬೇಕು, ಮಂತ್ರವೂ ಬೇಕು

1999ರಲ್ಲಿ ಬಂದ ಎವರ್‌ಕ್ವೆಸ್ಟ್ ಎಂಬ ಆನ್‌ಲೈನ್ ಆಟದಲ್ಲಿ ಗಾಯ ಮಾಯಿಸುವ ಕ್ಲೆರಿಕ್‌ಗಳಿಗೆ ‘ಕಂಪ್ಲೀಟ್ ಹೀಲ್’ ಎಂಬ ಮಂತ್ರ ಗೊತ್ತಿತ್ತು. ಪಠಿಸಿ ಮುಗಿಸಲು 10 ಸೆಕೆಂಡು ಹಿಡಿಯುತ್ತಿತ್ತು. ಡ್ರ್ಯಾಗನ್ನಿನ ಎದುರು ನಿಂತ ವಾರಿಯರ್ ಅಷ್ಟು ಹೊತ್ತು ಉಳಿಯುವುದೇ ಅನುಮಾನ. ಆದ್ದರಿಂದ ಆಟಗಾರರು ಹಲವು ಕ್ಲೆರಿಕ್‌ಗಳನ್ನು ಸರದಿಗೆ ನಿಲ್ಲಿಸಿದರು. ಒಬ್ಬರು ಪಠಣ ಶುರುಮಾಡಿದ ಕೆಲವೇ ಸೆಕೆಂಡಿಗೆ ಮತ್ತೊಬ್ಬರು, ಅವರ ಬೆನ್ನಿಗೆ ಇನ್ನೊಬ್ಬರು. ತನ್ನ ಸರದಿ ಬಂತೆಂದು ಚಾಟ್‌ನಲ್ಲಿ ಸಾರಬೇಕು. ಒಬ್ಬರು ತೂಕಡಿಸಿದರೂ ವಾರಿಯರ್ ಸಾಯುತ್ತಿದ್ದ, ಅವನ ಹಿಂದೆ ಇಡೀ ತಂಡ ಸಾಯುತ್ತಿತ್ತು.

ಒಬ್ಬರಿಗೆ ಒಂದೇ ಕೆಲಸ ಎಂಬ ಈ ಕಟ್ಟಳೆ ಕಂಪ್ಯೂಟರಿಗಿಂತ ಮೊದಲೇ ಹುಟ್ಟಿದ್ದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಾಗದ, ಪೆನ್ಸಿಲು, ದಾಳಗಳ ಆಟ. ಮೊದಲ ಆವೃತ್ತಿಯಲ್ಲಿ ಇದ್ದದ್ದು ಮೂರೇ ಕ್ಲಾಸ್, ಅಂದರೆ ಪಾತ್ರದ ಬಗೆ: ಕಾದಾಳು, ಮಂತ್ರವಾದಿ, ಕ್ಲೆರಿಕ್. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಕಟ್ಟಿದ ‘ಮಡ್’ ಎಂಬ ಪಠ್ಯದ ಆಟ ಕ್ಲಾಸುಗಳ ಗೋಜಿಗೆ ಹೋಗಲಿಲ್ಲ. ಆದರೆ 1990ರ ದಶಕದ ಆರಂಭದಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬರೆದ ಡಿಕುಮಡ್‌ನಲ್ಲಿ ಕ್ಲಾಸುಗಳು ಮತ್ತೆ ಬಂದವು, ಎವರ್‌ಕ್ವೆಸ್ಟ್ ಆ ದಾರಿಯನ್ನೇ ಹಿಡಿಯಿತು.

ಎವರ್‌ಕ್ವೆಸ್ಟ್‌ಗಿಂತ ಸುಮಾರು ಒಂದೂವರೆ ವರ್ಷ ಮೊದಲು, 1997ರ ಸೆಪ್ಟೆಂಬರ್‌ನಲ್ಲಿ, ಅಲ್ಟಿಮಾ ಆನ್‌ಲೈನ್ ಇನ್ನೊಂದು ದಾರಿ ತೋರಿಸಿತ್ತು. ಅಲ್ಲಿ ಕ್ಲಾಸ್ ಇರಲಿಲ್ಲ, 40ಕ್ಕೂ ಹೆಚ್ಚು ಸ್ಕಿಲ್‌ಗಳಿದ್ದವು. ಒಂದೊಂದನ್ನೂ 100ರವರೆಗೆ ಬೆಳೆಸಬಹುದಿತ್ತು, ಎಲ್ಲ ಸೇರಿ 700 ದಾಟುವಂತಿರಲಿಲ್ಲ. ಮೀನು ಹಿಡಿಯುವ ಮಾಂತ್ರಿಕನಾಗಬಹುದು, ಬಟ್ಟೆ ಹೊಲಿಯುವ ಬಿಲ್ಲುಗಾರನಾಗಬಹುದು. ಇಂಥವರು ಇದ್ದರು, ಮತ್ತು ಅವರಿಂದಲೇ ಆ ಲೋಕಕ್ಕೆ ಕಳೆ ಬಂದಿತ್ತು. ಆದರೆ ಕಾಳಗಕ್ಕೆ ಇಳಿಯುವವರು ಬೇಗನೆ ಲೆಕ್ಕ ಹಾಕಿದರು. ಏಳು ಸ್ಕಿಲ್‌ಗಳನ್ನು ಆರಿಸಿ ಏಳನ್ನೂ 100ಕ್ಕೆ ಮುಟ್ಟಿಸುವುದೇ ಲಾಭ. ಹಾಗೆ ಹುಟ್ಟಿದ್ದು ‘ಟ್ಯಾಂಕ್ ಮೇಜ್’: ಕೈಯಲ್ಲಿ ಹ್ಯಾಲ್ಬರ್ಡ್, ನಾಲಿಗೆಯಲ್ಲಿ ಮಂತ್ರ. ಆಟ ಕಟ್ಟಿದವರು ಹಾಕದೆ ಬಿಟ್ಟ ಬೇಲಿಯನ್ನು ಆಟಗಾರರ ಲೆಕ್ಕಾಚಾರ ಹಾಕಿತು.

ಎವರ್‌ಕ್ವೆಸ್ಟ್ ಆರಂಭದಲ್ಲೇ 14 ಕ್ಲಾಸುಗಳನ್ನು ಕೊಟ್ಟಿತ್ತು. ಏಟು ತಿನ್ನುವ ವಾರಿಯರ್, ಗಾಯ ಮಾಯಿಸುವ ಕ್ಲೆರಿಕ್, ಮೇಲೆ ಬೀಳುವ ರಾಕ್ಷಸರ ಗುಂಪಿಗೆ ಮಂಕು ಕವಿಸಿ ನಿಲ್ಲಿಸುವ ಎನ್‌ಚಾಂಟರ್: ಈ ಮೂವರಿಗೆ ‘ಹೋಲಿ ಟ್ರಿನಿಟಿ’ ಎಂಬ ಹೆಸರು ಬಿತ್ತು. ವಾರಿಯರ್ ಒಬ್ಬಂಟಿಯಾಗಿ ಹೊರಟರೆ ಬಲುಬೇಗ ಹೈರಾಣಾಗುತ್ತಿದ್ದ. ನೆಕ್ರೊಮ್ಯಾನ್ಸರ್ ಮತ್ತು ಡ್ರೂಯಿಡ್ ಯಾರ ಹಂಗೂ ಇಲ್ಲದೆ ಬೆಳೆಯುತ್ತಿದ್ದರು. ಸಮತೋಲ ಎಲ್ಲಿದೆ ಎಂಬ ಜಗಳ ಅಲ್ಲಿಂದಲೇ ಶುರು. ಆದರೂ ವಾರಿಯರ್‌ನ ಆ ಅಸಹಾಯಕತೆಯೇ ಅಪರಿಚಿತರನ್ನು ಮಾತಾಡಿಸಿತು, ತಂಡ ಕಟ್ಟಿಸಿತು, ವರ್ಷಗಟ್ಟಲೆ ಉಳಿದ ಸ್ನೇಹಗಳನ್ನೂ ತಂದಿತು.

ಒಬ್ಬರಿಗೊಬ್ಬರು ಬೇಕೆಂಬ ಈ ಗುಟ್ಟನ್ನು ಚೆನ್ನಾಗಿ ಅರಿತಿದ್ದ ಆಟ 2003ರ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್. ಅಲ್ಟಿಮಾದಲ್ಲಿ ಕೆಲಸ ಮಾಡಿದ್ದ ರಾಫ್ ಕಾಸ್ಟರ್ ಇದರ ರೂವಾರಿ. 30ಕ್ಕೂ ಹೆಚ್ಚು ವೃತ್ತಿಗಳು, ಹಂಚಿಕೊಳ್ಳಲು 250 ಪಾಯಿಂಟ್. ಕಾದಾಡಿ ದಣಿದವನು ಕ್ಯಾಂಟೀನಾಕ್ಕೆ ಬಂದು ಕೂತು, ಇನ್ನೊಬ್ಬ ಆಟಗಾರನ ಕುಣಿತವನ್ನೋ ಸಂಗೀತವನ್ನೋ ಸವಿದರೇ ಮನಸ್ಸಿನ ಆಯಾಸ ಇಳಿಯುತ್ತಿತ್ತು. ಬಂದೂಕು ಬೇಕಾದರೆ ಅದನ್ನು ತಯಾರಿಸುವ ಕಸುಬುದಾರನನ್ನು ಹುಡುಕಬೇಕು. ಒಂದೇ ಒಂದು ಪ್ರಾಣಿಯನ್ನೂ ಕೊಲ್ಲದೆ ಊರಿಗೆ ಬೇಕಾದವನಾಗಿ ಬಾಳುವ ಅವಕಾಶ ಅಲ್ಲಿತ್ತು. ಈ ಬಗೆಯ ಆಟಗಳ ಇತಿಹಾಸದಲ್ಲಿ ಅದಕ್ಕಿಂತ ಉದಾರವಾದ ಏರ್ಪಾಡು ಕಾಣಸಿಗುವುದು ಅಪರೂಪ.

ಅದನ್ನು ಕೆಡವಿದ್ದು 2005ರ ನವೆಂಬರ್‌ನಲ್ಲಿ. ಹೊಸ ಜನರನ್ನು ಸೆಳೆಯಲೆಂದು, ಆಟವನ್ನು ನಡೆಸುತ್ತಿದ್ದ ಸೋನಿ ಆನ್‌ಲೈನ್ ಎಂಟರ್‌ಟೈನ್‌ಮೆಂಟ್ ಆ ವೃತ್ತಿಗಳನ್ನೆಲ್ಲ ಒಂಬತ್ತಕ್ಕೆ ಇಳಿಸಿತು. ಜೀವಿಗಳನ್ನು ಪಳಗಿಸುತ್ತಿದ್ದವರ ವೃತ್ತಿಯೇ ಮಾಯವಾಯಿತು. ಅದುವರೆಗೆ ಬೆವರು ಸುರಿಸಿ ಗಳಿಸಬೇಕಿದ್ದ ಜೆಡೈ ಪಟ್ಟ ಮೊದಲ ದಿನವೇ ಯಾರಿಗಾದರೂ ಸಿಗುವಂತಾಯಿತು. ವರ್ಷಗಟ್ಟಲೆ ದುಡಿದು ಬೆಳೆಸಿದ ಪಾತ್ರವನ್ನು ರಾತ್ರೋರಾತ್ರಿ ಬದಲಿಸಿದ್ದು ಅನ್ಯಾಯ. ಹಳೆಯ ಆಟಗಾರರು ಗುಂಪುಗುಂಪಾಗಿ ಬಿಟ್ಟುಹೋದರು. 2011ರ ಡಿಸೆಂಬರ್ 15ರಂದು ಆಟ ನಿಂತಿತು.

ಅಷ್ಟರಲ್ಲಿ 2004ರ ನವೆಂಬರ್‌ನಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಈ ಎಲ್ಲ ಆಟಗಳನ್ನೂ ಹಿಂದಿಕ್ಕಿತ್ತು. ಒಂಬತ್ತು ಕ್ಲಾಸ್, ಪ್ರತಿಯೊಂದಕ್ಕೂ ಮೂರು ಟ್ಯಾಲೆಂಟ್ ಟ್ರೀ, ಅಂದರೆ ಪರಿಣತಿಯ ಕವಲು. 60ನೇ ಲೆವೆಲ್‌ಗೆ ಸಿಗುತ್ತಿದ್ದದ್ದು 51 ಪಾಯಿಂಟ್, ಒಂದು ಟ್ರೀಯ ಕೊನೆಯ ಟ್ಯಾಲೆಂಟ್ ಮುಟ್ಟಲು 31 ಬೇಕಿತ್ತು. ಎರಡರ ಕೊನೆಯನ್ನು ಮುಟ್ಟಲು ಸಾಧ್ಯವೇ ಇರಲಿಲ್ಲ. ಈ ಲೆಕ್ಕದಲ್ಲಿ ಹೆಚ್ಚು ನಲುಗಿದವರು ಪ್ಯಾಲಡಿನ್, ಡ್ರೂಯಿಡ್‌ರಂಥ, ಹಲವು ಕೆಲಸ ಬಲ್ಲ ಹೈಬ್ರಿಡ್‌ಗಳು. ಪ್ಯಾಲಡಿನ್‌ಗೆ ಕತ್ತಿ, ಗುರಾಣಿ, ಹೀಲಿಂಗ್ ಮೂರೂ ಇದ್ದವು, ಆದರೆ ಶತ್ರುವನ್ನು ತನ್ನತ್ತ ಸೆಳೆಯುವ ‘ಟಾಂಟ್’ ಇರಲಿಲ್ಲ. 40 ಮಂದಿ ಒಟ್ಟಾಗಿ ನುಗ್ಗುವ ರೇಡ್‌ಗೆ ಹೋದರೆ ಸಾಮಾನ್ಯವಾಗಿ ಹಿಂದೆ ನಿಂತು ಹೀಲ್ ಮಾಡುವುದೇ ಅವನ ಪಾಲಾಗಿತ್ತು. 2009ರಲ್ಲಿ ‘ಡ್ಯುಯಲ್ ಸ್ಪೆಕ್’ ಬಂತು. 1000 ಚಿನ್ನ ಕೊಟ್ಟರೆ ಒಂದೇ ಪಾತ್ರಕ್ಕೆ ಎರಡು ಪರಿಣತಿ, ಬೇಕೆಂದಾಗ ಅದಲುಬದಲು.

2012ರಲ್ಲಿ ಗಿಲ್ಡ್ ವಾರ್ಸ್ 2 ಟ್ರಿನಿಟಿಯನ್ನೇ ಕೈಬಿಟ್ಟಿತು. ಎಲ್ಲ ಕ್ಲಾಸಿಗೂ ಸ್ವಂತ ಹೀಲ್. 2015ರಲ್ಲಿ ರೇಡ್‌ಗಳು ಬಂದ ಮೇಲೆ ಅಲ್ಲೂ ಹೀಲ್ ಮಾಡುವ ಡ್ರೂಯಿಡ್‌ಗೆ ಬೇಡಿಕೆ ಹುಟ್ಟಿತು. 2019ರ ಆಗಸ್ಟ್‌ನಲ್ಲಿ ಬ್ಲಿಝಾರ್ಡ್ ಕಂಪನಿ ತನ್ನ ಹಳೆಯ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟವನ್ನು ‘ಕ್ಲಾಸಿಕ್’ ಎಂದು ಮತ್ತೆ ತೆರೆದಾಗ, ಆಟಗಾರರು ಹದಿನೈದು ವರ್ಷಗಳ ಲೆಕ್ಕಾಚಾರವನ್ನು ಹೊತ್ತೇ ಒಳಬಂದರು. ಆಟಗಾರರ ಸಂಘಗಳಾದ ಗಿಲ್ಡ್‌ಗಳು ರೇಡ್‌ಗೆ ವಾರಿಯರ್‌ಗಳನ್ನು ತುಂಬಿಕೊಂಡವು, ಪ್ಯಾಲಡಿನ್‌ಗಳನ್ನು ಮತ್ತೆ ಹೀಲಿಂಗ್‌ಗೆ ಹಚ್ಚಿದವು.