2,14,74,83,647: ಒಂದು ಅವಿಭಾಜ್ಯ ಸಂಖ್ಯೆಯ ಗುಣವಿಚಾರ

ಎರಡರ 31ನೆಯ ಘಾತದಿಂದ ಒಂದನ್ನು ಕಳೆದಾಗ ದೊರೆಯುವ 2,14,74,83,647 ಎಂಬ ಸಂಖ್ಯೆಯು ಅವಿಭಾಜ್ಯವೆಂದು ಫ್ರಾನ್ಸಿನ ಕ್ರೈಸ್ತ ಸಂನ್ಯಾಸಿ ಮರ್ಸೆನ್ನನು 1644ರಲ್ಲಿಯೇ ಸಾರಿದ್ದನು. ಆದರೆ ಇಂತಹ ಅವಿಭಾಜ್ಯಗಳನ್ನು ಕೊಡುವುವೆಂದು ಅವನು ಮಾಡಿದ ಘಾತಗಳ ಪಟ್ಟಿಯಲ್ಲಿ 67 ಮತ್ತು 257 ಸಲ್ಲದೆ ಸೇರಿದ್ದುವು. 61, 89, 107 ಬಿಟ್ಟುಹೋಗಿದ್ದುವು. ಆದಕಾರಣ ಅವನ ಮಾತನ್ನು ಸಾಧನೆಯಿಲ್ಲದೆ ಒಪ್ಪುವಂತಿರಲಿಲ್ಲ. ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ವಾಸವಾಗಿದ್ದ ಗಣಿತಜ್ಞ ಆಯ್ಲರನು 1772ರಲ್ಲಿ ಬೆರ್ನೂಲಿಗೆ ಬರೆದ ಪತ್ರದಲ್ಲಿ ಈ ಸಂಖ್ಯೆಯ ಅವಿಭಾಜ್ಯತೆಯನ್ನು ನಿರ್ಣಯಿಸಿ ತಿಳಿಸಿದನು.

ಒಂದು ಸಂಖ್ಯೆಯು ವಿಭಾಜ್ಯವಾಗಿದ್ದರೆ ಅದರ ವರ್ಗಮೂಲವನ್ನು ಮೀರದ ಅವಿಭಾಜ್ಯ ಭಾಜಕವೊಂದು ಇದ್ದೇ ತೀರಬೇಕು. ಇಲ್ಲಿ ವರ್ಗಮೂಲವು 46,340ನ್ನು ಕೊಂಚ ಮೀರುತ್ತದೆಯಾಗಿ, ಸಾಮಾನ್ಯ ಕ್ರಮದಲ್ಲಿ ಸುಮಾರು 4,800 ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕಾದೀತು. ಈ ಶ್ರಮವನ್ನು ತಗ್ಗಿಸುವ ಯುಕ್ತಿಯು ಹೀಗಿದೆ. ‘ಕ’ ಎಂಬ ಅವಿಭಾಜ್ಯವು ನಮ್ಮ ಸಂಖ್ಯೆಯನ್ನು ಭಾಗಿಸುವುದೆಂದು ಭಾವಿಸಿದರೆ, ಎರಡರ 31ನೆಯ ಘಾತವನ್ನು ‘ಕ’ದಿಂದ ಭಾಗಿಸಿದಾಗ ಶೇಷವು ಒಂದಾಗುವುದು, 31 ಸ್ವತಃ ಅವಿಭಾಜ್ಯವಾದುದರಿಂದ ಅದಕ್ಕಿಂತ ಚಿಕ್ಕ ಯಾವ ಘಾತಕ್ಕೂ ಆ ಶೇಷ ಬಾರದು, ಆಗ ಫರ್ಮಾನ ಪ್ರಮೇಯದಂತೆ ‘ಕ’ದಲ್ಲಿ ಒಂದನ್ನು ಕಳೆದುದು 31ರ ಅಪವರ್ತ್ಯವಾಗಬೇಕು, ‘ಕ’ವು ಬೆಸಸಂಖ್ಯೆಯಾದುದರಿಂದ 62ರ ಅಪವರ್ತ್ಯವೂ ಆಗಬೇಕು. ಇದಲ್ಲದೆ ಎರಡರ 32ನೆಯ ಘಾತವು ಎರಡನ್ನೇ ಶೇಷವಾಗಿ ಕೊಡುವುದರಿಂದ ಎರಡು ಒಂದು ವರ್ಗದ ಶೇಷವಾಗಿ ಪರಿಣಮಿಸುತ್ತದೆ. ಅಂತಹ ಅವಿಭಾಜ್ಯಗಳನ್ನು ಎಂಟರಿಂದ ಭಾಗಿಸಿದರೆ ಒಂದು ಇಲ್ಲವೆ ಏಳು ಉಳಿಯುತ್ತದೆ. ಈ ಎರಡು ನಿಬಂಧನೆಗಳನ್ನೂ ಕೂಡಿಸಿದರೆ, 248ರ ಅಪವರ್ತ್ಯಕ್ಕೆ 1 ಅಥವಾ 63ನ್ನು ಸೇರಿಸಿದ ಸಂಖ್ಯೆಗಳು ಮಾತ್ರ ಭಾಜಕಗಳಾಗಬಲ್ಲುವು.

ಹೀಗೆ ಉಳಿಯುವ ಸಂಖ್ಯೆಗಳಲ್ಲಿ 63, 249 ಇವು ವಿಭಾಜ್ಯವಾದುದರಿಂದ ಬಿಟ್ಟುಹೋಗುತ್ತವೆ. 311ರಿಂದ ಭಾಗಿಸಿದರೆ 35 ಉಳಿಯುತ್ತದೆ. ಆಮೇಲೆ ಬರುವ 497, 559 ಮೊದಲಾದುವೂ ವಿಭಾಜ್ಯಗಳೇ. ಮುಂದಿನ ಅವಿಭಾಜ್ಯವಾದ 1,303ರಿಂದ ಭಾಗಿಸಿದರೆ 226 ಉಳಿಯುತ್ತದೆ. ವರ್ಗಮೂಲದ ಮಿತಿಯವರೆಗೂ ಹೀಗೆಯೇ ಸಾಗಿದರೆ ಶೇಷವಿಲ್ಲದ ಭಾಗಾಹಾರ ಒಂದೂ ದೊರೆಯದು.

ಈ ಸಂಖ್ಯೆಯನ್ನು ಎರಡರ 30ನೆಯ ಘಾತದಿಂದ ಗುಣಿಸಿದರೆ ಹತ್ತೊಂಬತ್ತು ಅಂಕಿಗಳ ಪರಿಪೂರ್ಣ ಸಂಖ್ಯೆಯೊಂದು, ಎಂದರೆ ತನ್ನನ್ನುಳಿದ ಭಾಜಕಗಳೆಲ್ಲದರ ಮೊತ್ತಕ್ಕೆ ಸಮನಾದ ಸಂಖ್ಯೆಯೊಂದು, ದೊರೆಯುತ್ತದೆ. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಕಾಣಲಾರರೆಂದೂ, ಇಂಥವು ಕೇವಲ ಕುತೂಹಲದ ವಸ್ತುಗಳೇ ಹೊರತು ಉಪಯುಕ್ತವಲ್ಲವೆಂದೂ ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ ಬರೆದನು. ಮೊದಲನೆಯ ಮಾತನ್ನು 1876ರಲ್ಲಿ ಗಣಿತಜ್ಞ ಎಡ್ವರ್ಡ್ ಲ್ಯೂಕಾನು ಎರಡರ 127ನೆಯ ಘಾತದಿಂದ ಒಂದನ್ನು ಕಳೆದ ಸಂಖ್ಯೆಯ ಅವಿಭಾಜ್ಯತೆಯನ್ನು ಸಾಧಿಸಿ ಸುಳ್ಳಾಗಿಸಿದನು. ಎರಡನೆಯದಕ್ಕೆ ಉತ್ತರವು ಈ ಸಂಖ್ಯೆಯ ಒಳರಚನೆಯಲ್ಲಿಯೇ ಇದೆ. ಇದರಲ್ಲಿ ಒಂದನ್ನು ಕಳೆದರೆ 2, 3, 3, 7, 11, 31, 151, 331 ಇವುಗಳ ಗುಣಲಬ್ಧವು ಬರುತ್ತದೆ. ಈ ಗುಣಕಗಳ ನೆರವಿನಿಂದ ಪರೀಕ್ಷಿಸಬಹುದಾದಂತೆ, 7ರ ಘಾತಗಳನ್ನು ಕ್ರಮವಾಗಿ ಈ ಸಂಖ್ಯೆಯಿಂದ ಭಾಗಿಸುತ್ತ ಹೋದರೆ, ಶೂನ್ಯವನ್ನುಳಿದು ಸಮಸ್ತ ಶೇಷಗಳೂ ಒಂದೊಂದೇ ಬಾರಿ ಬಂದ ಮೇಲೆಯೇ ಆವರ್ತನವು ಪೂರ್ಣವಾಗುತ್ತದೆ; 7ರ ಐದನೆಯ ಘಾತವಾದ 16,807ಕ್ಕೂ ಇದೇ ಗುಣವಿದೆ. ಗಣಕಯಂತ್ರಗಳಲ್ಲಿ ಯಾದೃಚ್ಛಿಕವೆಂದು ತೋರುವ ಸಂಖ್ಯೆಗಳನ್ನು ಉತ್ಪಾದಿಸಲು 1969ರಿಂದೀಚೆಗೆ ಬಳಕೆಗೆ ಬಂದ ಪ್ರಸಿದ್ಧ ವಿಧಾನವೊಂದು ಈ ಗುಣವನ್ನೇ ಆಶ್ರಯಿಸಿದೆ.

ಪ್ರಯೋಜನವಿಲ್ಲವೆಂದು ಶುದ್ಧಗಣಿತದ ಯಾವ ಸಂಶೋಧನೆಯನ್ನೂ ಮುಂಚಿತವಾಗಿ ತಳ್ಳಿಹಾಕುವ ಅಧಿಕಾರ ಯಾರಿಗೂ ಇಲ್ಲವೆಂಬುದನ್ನು ಈ ಒಂದು ಸಂಖ್ಯೆಯ ಚರಿತ್ರೆಯೇ ನಿಸ್ಸಂಶಯವಾಗಿ ಸ್ಥಾಪಿಸುತ್ತದೆ.